ಭಾರ ಎತ್ತಬಾರದು

ಬಸ್ಸಿನ ಮೊದಲ ಮೆಟ್ಟಿಲನ್ನು ಅಷ್ಟು ಎತ್ತರಕ್ಕೆ ಇಟ್ಟವರ ಮನೆಯಲ್ಲಿ ಹೆಂಗಸರೇ ಇರಲಿಲ್ಲವೆಂದು ನನ್ನ ಅಂದಾಜು. ಇದ್ದಿದ್ದರೆ, ಒಂದು ಕೈಯಲ್ಲಿ ನಿರಿಗೆ, ಇನ್ನೊಂದು ಕೈಯಲ್ಲಿ ಗಂಟು ಹಿಡಿದುಕೊಂಡು ಮೊಣಕಾಲೆತ್ತರದ ತಗಡಿನ ಮೇಲೆ ಕಾಲಿಡುವುದು ಹೇಗೆಂದು ಒಂದು ಮಾತು ಕೇಳಿರುತ್ತಿದ್ದರು. ತೆಳ್ಳಗಿನವರಿಗೇ ಅದು ತ್ರಾಸು. ನಾನಂತೂ ಆಗ ನಮ್ಮೂರು ಮೊರಬದಲ್ಲಿ ಎಲ್ಲರಿಗಿಂತ ದಪ್ಪಗಿದ್ದವಳು. ನನ್ನ ಹೆಸರು ಬಸವಣ್ಣೆವ್ವ. ಆದರೆ ಊರ ಹುಡುಗರು ನನ್ನನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮಗಳು ಮಲ್ಲಕ್ಕನನ್ನು ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ ಕೊಟ್ಟಿದ್ದೆವು. ಎಂಬತ್ನಾಲ್ಕರ ಬೇಸಿಗೆಯಲ್ಲಿ ಮದುವೆ. ಅವಳನ್ನು ಗಂಡನ ಮನೆಯಲ್ಲಿ ಬಿಟ್ಟು ನಾನೂ ನಮ್ಮವರೂ ಊರಿಗೆ ಹೊರಟ ದಿನ, ಬೀಗರೆಲ್ಲ ಕಳಿಸಲು ರಸ್ತೆಯವರೆಗೆ ಬಂದಿದ್ದರು. ಬಸ್ಸು ಬಂತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಕಂಡಕ್ಟರು ಮೇಲಿನಿಂದ ರಟ್ಟೆ ಹಿಡಿದು ಎಳೆದ. ಆದರೂ ಆಗಲಿಲ್ಲ. ಹಿಂದಿನಿಂದ ಯಾರೋ ಗಂಡಸು, ಎರಿ ಹೊಲದ ಕರಿ ಕೆಸರಿನಲ್ಲಿ ಹೂತ ಚಕ್ಕಡಿಗೆ ಕೊಡುವ ಹಾಗೆ ಹೆಗಲು ಕೊಟ್ಟು ದಬ್ಬಿದ. ಒಳಗಿನಿಂದ ಒಬ್ಬ ಕೂಗಿದ:

"ಏ ಡ್ರೈವರಪ್ಪಾ, ತಡಿಯಪಾ, ಇನ್ನೂ ಚೀಲ ಏರಸಾಕತ್ತಾರ!"

ಬಸ್ಸಿಗೆ ಬಸ್ಸೇ ನಕ್ಕಿತು. ಬೀಗತಿ ದುರಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ಕಂಡೆ. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಸೀಟಿನಲ್ಲಿ ಕುಳಿತು ಕಿಟಕಿಯಿಂದ ನೋಡಿದರೆ ನನ್ನ ಮಲ್ಲಕ್ಕ ನನ್ನ ಕಡೆ ನೋಡುತ್ತಿರಲಿಲ್ಲ. ರಸ್ತೆ ಬದಿಯ ಬೇವಿನ ಮರದ ಕಡೆ ಮುಖ ತಿರುಗಿಸಿ ನಿಂತಿದ್ದಳು. ಬಸ್ಸು ಹೊರಟಿತು, ಅವಳು ತಿರುಗಲೇ ಇಲ್ಲ.

ಅದಾದ ಮೇಲೆ ಒಂದು ವರ್ಷ ನಾನು ಬಮ್ಮಿಗಟ್ಟಿಗೆ ಹೋಗಲಿಲ್ಲ. ಬಸ್ಸನ್ನೇ ಹತ್ತಲಿಲ್ಲ ಎನ್ನಬೇಕು. ಮೊಣಕಾಲು ನೋವು ಅಂದೆ, ಖಾರದ ಹಿಂಡಿ ಕುಟ್ಟಿಸುವ ಕೆಲಸ ಇದೆ ಅಂದೆ, ಎಮ್ಮೆ ಈಯುತ್ತದೆ ಅಂದೆ. ಎಮ್ಮೆ ತನ್ನ ಪಾಡಿಗೆ ಈದು ಕರು ಮೇಯಲು ಕಲಿತರೂ ನನ್ನ ನೆಪ ಮುಗಿಯಲಿಲ್ಲ.

ಮರುವರ್ಷ ಪಂಚಮಿ ಹಬ್ಬಕ್ಕೆ ಮಲ್ಲಕ್ಕ ತವರಿಗೆ ಬಂದಾಗ ಬಸುರಿ ಎಂಬ ಸುದ್ದಿ ತಂದಳು. ಏಳು ತಿಂಗಳಿಗೆ ಸೀಮಂತದ ಕುಬಸ ಆಗಬೇಕು, ಅಂದರೆ ಸಂಕ್ರಾಂತಿಯ ಸುಮಾರಿಗೆ. ನಮ್ಮ ಕಡೆ ಕುಬಸಕ್ಕೆ ತಾಯಿಯಾದವಳು ಬುತ್ತಿ ಹೊತ್ತು ಹೋಗಬೇಕು. ರೊಟ್ಟಿ, ಹೋಳಿಗೆ, ಕರಿಗಡಬು, ಮೊಸರನ್ನ ತುಂಬಿದ ಬುಟ್ಟಿಯನ್ನು ತಲೆಯ ಸಿಂಬಿಯ ಮೇಲಿಟ್ಟುಕೊಂಡು ರಸ್ತೆಯಿಂದ ಬೀಗರ ಹೊಸ್ತಿಲವರೆಗೆ ನಡೆಯಬೇಕು. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಣಿಸಿ, ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಬರಬೇಕು. ಮಲ್ಲಕ್ಕ ತಿರುಗಿ ಹೋದ ದಿನ ನಮ್ಮವರು, ಅಂದರೆ ನನ್ನ ಗಂಡ ಹೊಳಬಸಪ್ಪ, ಬಾಗಿಲಲ್ಲಿ ನಿಂತು ಕೆಮ್ಮಿ, ಮೆಲ್ಲಗೆ ಅಂದರು:

"ಕುಬಸಕ್ಕ ನಿಮ್ಮ ತಂಗಿ ಮರೆವ್ವನ್ನ ಕಳಿಸಿದ್ರ ಹೆಂಗ? ನಿನಗ ಬಸ್ಸಿಂದು ತ್ರಾಸ ಆಗತೈತಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ನನ್ನ ಎದೆಯಲ್ಲಿ ಬೆಂಕಿ ಬಿತ್ತು. ನಾನು ಜೀವಂತ ಇರುವಾಗ ನನ್ನ ಮಗಳಿಗೆ ಮತ್ತೊಬ್ಬಳು ಬುತ್ತಿ ಹೊರಬೇಕೆ? ಆ ಬಸ್ಸನ್ನು ನಾನೇ ಹತ್ತಬೇಕು, ಮಲ್ಲಕ್ಕನ ಕಣ್ಣೆದುರಿಗೇ ಹತ್ತಬೇಕು, ಯಾರ ಕೈಯೂ ಮೈಗೆ ತಾಗಬಾರದು. ಅಷ್ಟೇ ನನಗೆ ಬೇಕಾಗಿದ್ದದ್ದು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವುದಕ್ಕೂ ದಣಿವು ಬರುವಂಥ ದಿನಗಳವು. ಬೆಳಿಗ್ಗೆ ಎದ್ದರೆ ದಣಿವು, ಉಂಡರೆ ದಣಿವು, ಏನೂ ಮಾಡದೆ ಕೂತರೆ ಎಲ್ಲಕ್ಕಿಂತ ಹೆಚ್ಚು ದಣಿವು.

ವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಿದ್ದ ನವಲಗುಂದದ ಡಾಕ್ಟರಿಗೆ ನಮ್ಮವರು ತೋರಿಸಿದರು. ಡಾಕ್ಟರು ತೂಗಿ ನೋಡಿ, ಮುಂಜಾನೆ ನಡೆಯಿರಿ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಮೊರಬದಲ್ಲಿ ಹೆಂಗಸು ನಡೆದಳೆಂದರೆ ಹೊಲಕ್ಕೆ ಹೊರಟಿರಬೇಕು, ಕೆರೆಗೆ ಹೊರಟಿರಬೇಕು, ಇಲ್ಲವೆ ಗಂಡನ ಜೊತೆ ಜಗಳ ಮಾಡಿಕೊಂಡು ತವರಿಗೆ ಹೊರಟಿರಬೇಕು. ನಾಲ್ಕನೆಯ ಕಾರಣ ಅಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಎಲ್ಲಿಗೆ ಹೊಂಟ್ರಿ ಬಸವಣ್ಣೆವ್ವಾರ?"

"ಎಲ್ಲಿಗೂ ಇಲ್ರಿ. ಸುಮ್ನ."

"ಸುಮ್ನ ಅಂದ್ರ?"

ಇದಕ್ಕೆ ಉತ್ತರ ಕೊಡಲು ನಿಂತರೆ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಚಹಾದ ಜೊತೆ ಚುರುಮುರಿ. ಪಂಚಮಿಯ ಉಂಡಿಗಳು ಇನ್ನೂ ಡಬ್ಬಿಯಲ್ಲಿ ಇದ್ದ ದಿನಗಳು, ಅವೂ ಬರುತ್ತಿದ್ದವು. ಮಳೆಗಾಲದ ಎರಿ ಮಣ್ಣು ಬೇರೆ. ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೊಂದು ಮುದ್ದೆ ಮಣ್ಣು ಅಂಟಿಕೊಂಡು, ನನ್ನ ಭಾರ ಸಾಲದೆಂದು ಹೊಲದ ಭಾರವನ್ನೂ ಎಳೆಯುತ್ತಿದ್ದೆ. ಒಂದು ದಿನ ಹುಚ್ಚಪ್ಪ ಎಂಬ ನಮ್ಮ ಭಾವನ ವಯಸ್ಸಿನವನು ಚಕ್ಕಡಿ ನಿಲ್ಲಿಸಿ, "ಸಿಟ್ಟು ಎಲ್ಲಾರ ಮನ್ಯಾಗೂ ಇರತೈತಿ ತಂಗಿ, ನಡಿ ಮನಿಗೆ" ಎಂದ. ನಾನು ಏನು ಹೇಳಿದರೂ ಕೇಳಲಿಲ್ಲ. ಚಕ್ಕಡಿ ಹತ್ತಲು ನನ್ನಿಂದ ಆಗುವುದಿಲ್ಲ. ಅವನು ಎತ್ತುಗಳನ್ನು ಮೆಲ್ಲಗೆ ಹೊಡೆಯುತ್ತ, ನಾನು ಪಕ್ಕದಲ್ಲಿ ನಡೆಯುತ್ತ, ಊರೆಲ್ಲ ನೋಡುವ ಹಾಗೆ ಮನೆಗೆ ಬಂದೆವು. ನಮ್ಮವರಿಗೆ ಓಣಿಯ ಹಿರಿಯರಿಂದ ಒಂದು ವಾರ ಬುದ್ಧಿಮಾತು ಬಿತ್ತು. ಹೆಂಡತಿಯನ್ನು ಚಲೋ ನೋಡಿಕೋ ಎಂದು! ಅಲ್ಲಿಗೆ ನನ್ನ ನಡಿಗೆ ಮುಗಿಯಿತು. ಮೊಣಕಾಲು ಊದಿಕೊಂಡಿದ್ದವು, ಹೊಟ್ಟೆ ಇದ್ದಲ್ಲೇ ಇತ್ತು.

ನಮ್ಮ ಹಿತ್ತಲಿಗೂ ಪಕ್ಕದ ಇಮಾಮಹುಸೇನಣ್ಣನ ಹಿತ್ತಲಿಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ, ಅದರಲ್ಲಿ ಒಬ್ಬರು ದಾಟುವಷ್ಟು ಸಂದು. ಇಮಾಮಹುಸೇನಣ್ಣ ಊರ ಗರಡಿಯ ವಸ್ತಾದ. ಒಂದು ಕಾಲಕ್ಕೆ ಅವನ ಕೈಕೆಳಗೆ ಕುಸ್ತಿ ಕಲಿಯಲು ಅಣ್ಣಿಗೇರಿಯಿಂದ ಹುಡುಗರು ಬರುತ್ತಿದ್ದರಂತೆ. ಈಗ ಯಾರೂ ಬರುತ್ತಿರಲಿಲ್ಲ. ಆ ವರ್ಷದ ಮಳೆಗೆ ಗರಡಿಯ ಮಾಳಿಗೆಯೂ ಕುಸಿದು, ಹುಡುಗರು ಎತ್ತಿ ಮೈ ಹುರಿ ಮಾಡಿಕೊಳ್ಳುತ್ತಿದ್ದ ಕಲ್ಲಿನ ಗುಂಡುಗಳನ್ನೆಲ್ಲ ಚಕ್ಕಡಿಯಲ್ಲಿ ತಂದು ತನ್ನ ಹಿತ್ತಲಲ್ಲಿ ಇಳಿಸಿಕೊಂಡಿದ್ದ. ನಮ್ಮ ಸೀಮೆಯಲ್ಲಿ ಕಲ್ಲು ಹುಟ್ಟುವುದಿಲ್ಲ. ಅವು ಎಂದೋ ಕಲಘಟಗಿ ಕಡೆಯಿಂದ ಬಂದ ಕಲ್ಲುಗಳು. ಕೋಳಿಗಳು ಅವುಗಳ ಮೇಲೆ ಕೂರುತ್ತಿದ್ದವು.

ಒಂದು ಮಧ್ಯಾಹ್ನ ಅವನ ಹೆಂಡತಿ, ಅತ್ತಿಗೆಯ ಸಮಾನವೆಂದು ನಾನು ವೈನಿ ಅನ್ನುತ್ತಿದ್ದ ಸುಗರಾಬಿ, ಸಂದಿನಿಂದ ಕೂಗಿದಳು. "ಬಸವಣ್ಣೆವ್ವಾ, ಒಂಚೂರು ಬಾ ಇಲ್ಲೆ. ಹೆಗ್ಗಣ ತೂತು ಹಾಕೇತಿ, ಈ ಗುಂಡ ಉಳ್ಳಸಬೇಕು."

ಸಣ್ಣ ಗುಂಡು, ತುಂಬಿದ ಕೊಡದಷ್ಟು ಭಾರ ಇರಬಹುದು. ವೈನಿ ಉರುಳಿಸಲು ಹೇಳಿದ್ದಳು. ನಾನು ಯಾವ ಲಕ್ಷ್ಯದಲ್ಲಿದ್ದೆನೋ, ಬಗ್ಗಿ ಎರಡೂ ಕೈ ಹಾಕಿ ಎತ್ತಿಬಿಟ್ಟೆ. ಮೊಣಕಾಲವರೆಗೆ ಬಂತು. ಎರಡು ಹೆಜ್ಜೆ ನಡೆದು ಹೆಗ್ಗಣದ ತೂತಿನ ಮೇಲೆ ಬಿಟ್ಟೆ. ನನ್ನ ಕೈಗಳು ಬಿಸಿಯಾಗಿದ್ದವು. ಹತ್ತು ವರ್ಷಗಳಲ್ಲಿ ಮೊದಲ ಸಲ ನನ್ನ ಕೈಗೆ ಒಂದು ವಸ್ತುವಿನ ತೂಕ ಗೊತ್ತಾಗಿತ್ತು. ನನಗೆ ಖುಷಿಯಾಯಿತು. ಏಕೆಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಹಿತ್ತಲಿನಲ್ಲಿ ಕೊಡ ಬಿದ್ದ ಸಪ್ಪಳ. ಕೆರೆಯಿಂದ ನೀರು ತಂದಿದ್ದ ನಮ್ಮವರು ಕೊಡವನ್ನು ಅಲ್ಲೇ ಬಿಟ್ಟು ಸಂದಿನಲ್ಲಿ ಬಂದು ನಿಂತಿದ್ದರು.

"ಭಾರ ಎತ್ತಬಾರದು ಅಂತ ಡಾಕ್ಟರಬಾಯಿ ಹೇಳಿಲ್ಲೇನ? ಜೀವದ ಮ್ಯಾಲೆ ಆಸೆ ಇಲ್ಲೇನ ನಿನಗ?"

ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ನನ್ನ ಗರ್ಭಚೀಲ ತೆಗೆದಿದ್ದರು. ಆಪರೇಶನ್ನು ಮಾಡಿದ ಡಾಕ್ಟರಬಾಯಿ ಹೇಳಿದ ಆ ಒಂದು ಮಾತು ನಮ್ಮ ಮನೆಯಲ್ಲಿ ಶಾಸನವಾಗಿತ್ತು. ಅಂದಿನಿಂದ ನಾನು ಕೊಡ ಹೊತ್ತಿಲ್ಲ, ಬೀಸಿಲ್ಲ, ಹೊರೆ ಎತ್ತಿಲ್ಲ. ತುಂಬಿದ ತಂಬಿಗೆ ಹಿಡಿದರೂ ಯಾರೋ ಬಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ನೀರು ತರುವುದು ಗಂಡಸಿನ ಕೆಲಸವಲ್ಲದ ಊರಿನಲ್ಲಿ ನಮ್ಮವರು ದಿನಾ ಕೆರೆಗೆ ಹೋಗಿ ಬರುತ್ತಿದ್ದರು. ಕೆರೆಯ ದಂಡೆಯ ಹೆಂಗಸರು ಅವರನ್ನು "ಹೊಳಬಸವ್ವಾ, ಬಾರವ್ವಾ" ಎಂದು ಕರೆದು ನಗುತ್ತಿದ್ದರು. ಅವರು ಸುಮ್ಮನೆ ಕೊಡ ತುಂಬಿಕೊಂಡು ಬರುತ್ತಿದ್ದರು. ಅವರು ಒಣಗಿ ಕಡ್ಡಿಯಾದರು. ನಾನು ಕೂತಲ್ಲಿ ಬೆಳೆದೆ.

ಗಲಾಟೆ ಕೇಳಿ ಇಮಾಮಹುಸೇನಣ್ಣ ಹೊರಗೆ ಬಂದ. ವಿಷಯ ತಿಳಿದು ಗಡ್ಡ ಕೆರೆದುಕೊಂಡು ಕೇಳಿದ:

"ಎಷ್ಟ ದಿನಾ ಎತ್ತಬಾರದು ಅಂದಿದ್ರು?"

ನಾನು ನಮ್ಮವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ಹೋಗಿ ಕೇಳಕೊಂಡ ಬರ್ರಿ," ಎಂದ. "ಕೇಳದ ನಾ ಏನೂ ಹೇಳಾಂವಲ್ಲ."

ಹುಬ್ಬಳ್ಳಿಗೆ ಮುಂಜಾನೆಯ ಮೊದಲ ಬಸ್ಸು ಹಿಡಿದೆವು, ನೋಡುವವರು ಕಡಿಮೆ ಇರುತ್ತಾರೆಂದು. ನಮ್ಮವರೇ ಹಿಂದಿನಿಂದ ದಬ್ಬಿದರು. ಡಾಕ್ಟರಬಾಯಿಗೆ ಕೂದಲು ನೆರೆತಿತ್ತು. ಹೊಟ್ಟೆ ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು. ನಾನು ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಮೂರ ತಿಂಗಳಾ ಎತ್ತಬ್ಯಾಡ್ರಿ ಅಂದಿರತೀನಿ ಬಾಯಿ. ಎಲ್ಲಾರಿಗೂ ಅಷ್ಟ ಹೇಳೂದು. ಹತ್ತ ವರ್ಷ ಯಾರ ಕುಂದರಸಿದ್ರು ನಿಮ್ಮನ್ನ? ಈಗ ಸಾವಕಾಶ ಶುರು ಮಾಡ್ರಿ. ನೋವು ಬಂದ್ರ ಬಿಟ್ಟ ಬರ್ರಿ ನನ್ನ ಕಡೆ."

ನಮ್ಮವರು ಬಾಗಿಲ ಬಳಿ ನಿಂತಿದ್ದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, ನೆಲ ನೋಡುತ್ತ ಅಂದರು: "ಭಾರ ಎತ್ತಬಾರದು ಅನ್ನೂದ ಕೇಳಿಸಿತ್ತು. ಮುಂದಿಂದು ಕೇಳಿಸಲಿಲ್ಲ. ನೀ ಬದಕಿದಿ ಅಂದಿದ್ರಲ್ಲಾ ಆವತ್ತ, ಅದರಾಗ ಇದ್ದೆ ನಾ."

ನನಗೆ ಭಯಂಕರ ಸಿಟ್ಟು ಬಂದಿತ್ತು. ಹತ್ತು ವರ್ಷ! ಬಯ್ಯಬೇಕೆಂದು ಬಾಯಿ ತೆಗೆದೆ. ಅಂಗಿಯ ಕಾಲರು ಸರಿದಿದ್ದ ಕಡೆ ಅವರ ಹೆಗಲ ಮೇಲೆ ಕೊಡ ಹೊತ್ತು ಹೊತ್ತು ಜಡ್ಡುಗಟ್ಟಿದ ಕಪ್ಪು ಕಲೆ ಕಂಡಿತು. ಅದನ್ನು ನಾನು ದಿನಾ ನೋಡುತ್ತಿದ್ದೆ. ಅವತ್ತು ಮಾತ್ರ ನೋಡಲಾಗಲಿಲ್ಲ, ಬಯ್ಯಲೂ ಆಗಲಿಲ್ಲ. "ಚಹಾ ಕುಡ್ಯೂಣು ನಡೀರಿ," ಎಂದೆ.

ಗುಂಡು ಎತ್ತುವುದನ್ನು ಕಲಿಸು ಎಂದು ನಾನು ಕೇಳಿದಾಗ ಇಮಾಮಹುಸೇನಣ್ಣನಿಗೆ ಪೇಚಾಯಿತು. ಗರಡಿಯೊಳಗೆ ಹೆಂಗಸಿನ ನೆರಳು ಬೀಳಬಾರದೆಂದು ಜೀವಮಾನವೆಲ್ಲ ಪಾಲಿಸಿದವನು. ಹೆಂಗಸರಿಗೆ ಸಾಮು ಹೇಳಿಕೊಟ್ಟು ತನಗೆ ರೂಢಿಯಿಲ್ಲ, ತಪ್ಪಾದರೆ ಮೇಲಿನವನಿಗೆ ಏನು ಉತ್ತರ ಹೇಳಲಿ ಎಂದು ಎರಡು ದಿನ ಮುಖ ತಪ್ಪಿಸಿಕೊಂಡ. ಮೂರನೆಯ ದಿನ ವೈನಿಯೇ ಒಂದು ಉಪಾಯ ಮಾಡಿದಳು. ಗುಂಡನ್ನು ನಮ್ಮ ಹಿತ್ತಲಿಗೆ ಉರುಳಿಸಿದಳು. ಗೋಡೆಯ ಆಚೆ ಗಂಡನಿಗೆ ಕೂರಲು ಹೊರಸು ಹಾಕಿಕೊಟ್ಟಳು. ಅವನು ನಮ್ಮ ಕಡೆ ಬೆನ್ನು ಮಾಡಿ ಕೂತ. ನಾನು ಈಚೆ ಎತ್ತಬೇಕು. ಅವನು ಕಣ್ಣಿನಿಂದ ನೋಡುವಂತಿಲ್ಲ, ಕಿವಿಯಿಂದ ಕೇಳಬೇಕು.

ನನಗೆ ನಗು ಬಂತು. ಆದರೆ ಮೊದಲ ಸಲ ಎತ್ತಿ ಇಳಿಸಿದ ಕೂಡಲೇ ಗೋಡೆಯಾಚೆಯಿಂದ ಗದರಿಕೆ ಬಂತು:

"ಒಗೀಬ್ಯಾಡ ತಂಗಿ! ಇಡು! ಎತ್ತೂದ ಅರ್ಧಾ ಸಾಮು, ಇಡೂದ ಅರ್ಧಾ. ಕಲ್ಲಿನ ಸಪ್ಪಳ ನನಗ ಕೇಳಬಾರದು."

ಕಲ್ಲನ್ನು ಸಪ್ಪಳವಿಲ್ಲದೆ ಇಡುವುದು ಎಷ್ಟು ಕಷ್ಟವೆಂದು ಇಟ್ಟವರಿಗೇ ಗೊತ್ತು. ಬೆನ್ನು ಬಗ್ಗಿಸಿದರೆ ನನ್ನ ಉಸಿರಿನಲ್ಲೇ ಅವನಿಗೆ ತಿಳಿಯುತ್ತಿತ್ತು. "ಟೊಂಕದಿಂದ ಎತ್ತಾಕತ್ತಿ. ಮೊಣಕಾಲ ಮಡಚು, ಕುಂಡಿ ಇಳಸು. ಅಲ್ಲಾ, ಮಾಫ್ ಮಾಡು ತಂಗಿ," ಎಂದು ತಾನೇ ನಾಚಿಕೊಂಡು, ಮುಂದಿನದನ್ನು ವೈನಿಯ ಕೈಯಲ್ಲಿ ಹೇಳಿಸುತ್ತಿದ್ದ. ವೈನಿ ಅದನ್ನೇ ಇನ್ನೂ ಬಿಚ್ಚುಮಾತಿನಲ್ಲಿ ಹೇಳುತ್ತಿದ್ದಳು.

ನಾನು ಒಂದು ದಿನ ಕೇಳಿದೆ, ಓಡುವುದು ನಡೆಯುವುದು ಏನೂ ಬೇಡವೇ ಎಂದು.

"ನಮ್ಮ ಹುಡುಗ್ರು ಮೈ ಕರಗಸಾಕ ಓಡತಿದ್ದಿಲ್ಲ," ಎಂದ. "ಎತ್ತತಿದ್ರು. ಎತ್ತೂ ಮೈ ಉಂಡದ್ದನ್ನ ಖರ್ಚ ಮಾಡತೈತಿ, ಮಲಗಿದಾಗೂ ಮಾಡತೈತಿ. ನನಗ ಗೊತ್ತಿರೂದು ಅಷ್ಟ. ಹೆಂಗಸರ ಮೈಗೆ ಹೆಂಗೋ, ನೋಡೂಣು. ಚಹಾದಾಗ ಸಕ್ಕರಿ ಬಿಡು, ಮಜ್ಜಿಗಿ ಕುಡಿ, ಹೆಸರಕಾಳ ಪಲ್ಯಾ ಜಾಸ್ತಿ ತಿನ್ನು."

ಒಂದು ದಿನ ಎತ್ತಿದರೆ ಮರುದಿನ ಎತ್ತಗೊಡುತ್ತಿರಲಿಲ್ಲ. ಆ ದಿನ ನಾನು ನೀರು ತರುತ್ತಿದ್ದೆ. ಮೊದಲು ಅರ್ಧ ಕೊಡ, ಆಮೇಲೆ ತುಂಬಿದ ಕೊಡ. ನಮ್ಮವರು ಹಿಂದೆ ಹಿಂದೆ ಬರುತ್ತಿದ್ದರು, ನಾನು ಬಿದ್ದರೆ ಹಿಡಿಯಲು. ಅದನ್ನು ನೋಡಿ ಕೆರೆಯ ದಂಡೆಯ ಹೆಂಗಸರಿಗೆ ಹೊಸ ಹಬ್ಬ. ಮೈಯಲ್ಲಿ ನೋಯದ ಜಾಗ ಇರಲಿಲ್ಲ. ತೊಡೆ ನೋವಿಗೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ರೊಟ್ಟಿ ಬಡಿಯಲು ಕೈ ಎತ್ತಿದರೆ ರಟ್ಟೆ ಹರಿದು ಬಂದಂತೆ. ಎಷ್ಟೋ ಸಲ ಆ ಗುಂಡಿನ ಮೇಲೆಯೇ ಕೂತು ಅತ್ತಿದ್ದೇನೆ. ಮರೆವ್ವನೇ ಹೋಗಲಿ ಬಿಡು ಎನಿಸುತ್ತಿತ್ತು. ಕಣ್ಣು ಮುಚ್ಚಿದರೆ ಬೇವಿನ ಮರದ ಕಡೆ ತಿರುಗಿದ ಮಗಳ ಕುತ್ತಿಗೆ ಕಾಣುತ್ತಿತ್ತು. ಮತ್ತೆ ಎದ್ದು ಬಗ್ಗುತ್ತಿದ್ದೆ.

ಮನೆಯ ಮುಂದಿನ ಕಟ್ಟೆ ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರ. ಗುಂಡು ಎತ್ತಿ ಮುಗಿದ ಮೇಲೆ ಅದನ್ನು ಹತ್ತಿ ಇಳಿಯುವುದು ನನ್ನ ಸ್ವಂತ ಸೇರ್ಪಡೆ. ಮೊದಮೊದಲು ಗೋಡೆ ಹಿಡಿದು ಹತ್ತಿದೆ. ಓಣಿಯವರು ಕೇಳಿದರೆ ಬೆಕ್ಕು ಹುಡುಕುತ್ತಿದ್ದೇನೆ ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

ದೀಪಾವಳಿಯ ಹೊತ್ತಿಗೆ ನನಗೆ ಕುತೂಹಲ ತಡೆಯಲಾಗಲಿಲ್ಲ. ಅಂಗಡಿಗೆ ಹೋಗಿ ಜೋಳ ತೂಗುವ ಕಾಟಾದ ಮೇಲೆ ನಿಂತು ನೋಡಿದೆ. ನವಲಗುಂದದ ಡಾಕ್ಟರು ತೂಗಿದ್ದಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಷ್ಟು ಬೆವರು, ಇಷ್ಟು ನೋವು, ಇಷ್ಟು ಮಜ್ಜಿಗೆ! ಅಂಗಡಿಯವನು ಕಾಟಾ ಸರಿ ಇದೆ ಎಂದು ಆಣೆ ಮಾಡಿ ಹೇಳಿದ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಗೋಡೆಯಾಚೆಯಿಂದ ಇಮಾಮಹುಸೇನಣ್ಣ ಕರೆದ, ಏಳಲಿಲ್ಲ. ಮರುದಿನವೂ ಏಳಲಿಲ್ಲ. ಸೋತೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಸೋತದ್ದಕ್ಕೆ ಸ್ವಲ್ಪ ಹಾಯೆನಿಸಿತು ಕೂಡ, ಇನ್ನು ಎತ್ತಬೇಕಾಗಿಲ್ಲವಲ್ಲ ಎಂದು.

ಆ ವಾರವೇ ದರ್ಜಿ ಬಾಷಾಸಾಬ ಕುಬಸಕ್ಕೆ ಹೊಲಿಯುವ ಬಟ್ಟೆಯ ವಿಚಾರ ಕೇಳಲು ಮನೆಗೆ ಬಂದ. ಕುಬಸ ಎಂದರೆ ರವಿಕೆಯೂ ಹೌದು; ಬಸುರಿಯ ಹಸಿರು ಕುಬಸದ ಜೊತೆ ತಾಯಿಗೂ ಒಂದು ಹೊಸದು ಆಗಬೇಕು. ಅಳತೆಗೆಂದು ನನ್ನ ಹಳೆಯ ಕುಬಸ ಕೊಟ್ಟೆ. ಅವನು ಅದನ್ನು ಹಿಡಿದು, ನನ್ನ ತೋಳು ನೋಡಿ, ಮತ್ತೆ ಅದನ್ನು ನೋಡಿದ.

"ಇದು ಯಾರ್ದರಿ?"

"ನಂದ."

"ನಿಮ್ಮದಲ್ರಿ ಇದು. ನಿಮ್ಮ ಮೈಮ್ಯಾಲ ಇರೂದು ನೋಡ್ರಿ, ಬಗಲಾಗ ಎಷ್ಟ ಜೋತಬಿದ್ದೈತಿ. ಈ ಅಳತಿಗೆ ಹೊಲದ್ರ ನನ್ನ ಹೆಸರ ಕೆಡತೈತಿ."

ಅವನು ಹೋದ ಮೇಲೆ ನೋಡಿಕೊಂಡೆ. ಸೊಂಟಕ್ಕೆ ಸೀರೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದೆ, ಅದು ಲಕ್ಷ್ಯಕ್ಕೇ ಬಂದಿರಲಿಲ್ಲ. ಗೋಡೆಯ ಸಂದಿಗೆ ಹೋಗಿ ಕಾಟಾದ ಸುದ್ದಿಯನ್ನೂ ಬಾಷಾಸಾಬನ ಸುದ್ದಿಯನ್ನೂ ಹೇಳಿದೆ. ಇಮಾಮಹುಸೇನಣ್ಣ ಬೆನ್ನು ತಿರುಗಿಸಿಕೊಂಡೇ ಅಂದ: "ಕೊಬ್ಬ ಹೋಗಿ ರಟ್ಟಿ ಬಂದ್ರ ಕಾಟಾಕ್ಕ ಏನ ತಿಳೀತೈತಿ? ಅದು ಜ್ವಾಳಾ ತೂಗೂದು. ದೊಡ್ಡ ಗುಂಡ ಉಳ್ಳಸತೀನಿ, ತಡಿ."

ಊರಿನವರು ಬೇರೆಯೇ ಅರ್ಥ ಮಾಡಿಕೊಂಡರು. ಬಸವಣ್ಣೆವ್ವ ಸೊರಗಿದ್ದಾಳೆ, ಸಕ್ಕರೆ ಕಾಯಿಲೆ ಇರಬೇಕು, ಇಲ್ಲವೆ ಒಳಗೊಳಗೇ ಏನೋ ಕೊರಗು. ಹೊಳಬಸಪ್ಪನನ್ನು ಮತ್ತೆ ನಿಲ್ಲಿಸಿ ಬುದ್ಧಿ ಹೇಳಿದರು. ಪಾಪ, ನನ್ನ ದೆಸೆಯಿಂದ ಆ ಮನುಷ್ಯ ದಪ್ಪಕ್ಕೂ ಬಯ್ಯಿಸಿಕೊಂಡ, ತೆಳುವಿಗೂ ಬಯ್ಯಿಸಿಕೊಂಡ.

ತೆಳ್ಳಗಾದೆ ಎಂದು ತಿಳಿಯಬೇಡಿ. ಕುಬಸದ ದಿನವೂ ನಾನು ದಪ್ಪ ಹೆಂಗಸೇ. ಆದರೆ ಮೊರಬದ ನಿಲ್ದಾಣದಲ್ಲಿ ಬಸ್ಸು ಬಂದಾಗ ಬುಟ್ಟಿ ನಮ್ಮವರ ಕೈಗೆ ಕೊಟ್ಟು, ಸರಳು ಹಿಡಿದು, ಕಾಲಿಟ್ಟೆ. ಕಂಡಕ್ಟರು ಕೈ ಚಾಚಿದ. "ಬ್ಯಾಡ್ರಿ," ಎಂದೆ. ಎರಡನೆಯ ಕಾಲು ನೆಲ ಬಿಟ್ಟಿತು, ಮೇಲೆ ಬಂತು. ಯಾರೂ ನಗಲಿಲ್ಲ, ಯಾರೂ ಹೊಗಳಲೂ ಇಲ್ಲ. ಜನರಿಗೆ ಕಂಡದ್ದು ಒಬ್ಬ ಹೆಂಗಸು ಬಸ್ಸು ಹತ್ತಿದ್ದು ಅಷ್ಟೇ. ನಾನು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಬಮ್ಮಿಗಟ್ಟಿಯಲ್ಲಿ ಬುತ್ತಿ ಹೊತ್ತು ರಸ್ತೆಯಿಂದ ಬೀಗರ ಮನೆಗೆ ನಡೆದೆ. ಮಲ್ಲಕ್ಕ ಬಾಗಿಲಿಗೆ ಬಂದವಳು ನನ್ನನ್ನು ನೋಡಿ ಅಲ್ಲೇ ನಿಂತಳು.

"ಯವ್ವಾ, ಏನಾಗೇತಿ ನಿನಗ? ಜಡ್ಡ ಏನ? ನನಗ್ಯಾಕ ಹೇಳಿ ಕಳಸಲಿಲ್ಲ?"

"ಏನೂ ಆಗಿಲ್ಲ. ಮೊದಲ ಬುಟ್ಟಿ ಇಳಸು," ಎಂದೆ. ಅವಳು ಕೈ ಹಾಕುವ ಮೊದಲೇ ಬಸುರಿ ಎಂಬುದು ನೆನಪಾಗಿ ನಾನೇ ಇಳಿಸಿದೆ, ಸಪ್ಪಳವಿಲ್ಲದೆ. ದುರಗವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಹಾಡು, ಆರತಿ, ಊಟ ಎಲ್ಲ ಆಯಿತು. ಮಲ್ಲಕ್ಕ ಮಾತ್ರ ಕದ್ದು ಕದ್ದು ನನ್ನ ಮುಖವನ್ನೇ ನೋಡುತ್ತಿದ್ದಳು.

ಮರುದಿನ ಮಲ್ಲಕ್ಕನನ್ನು ಕರೆದುಕೊಂಡು ಹೊರಟೆವು. ಅಳಿಯ ಹನಮಪ್ಪ ಊರಲ್ಲಿರಲಿಲ್ಲ, ಕಬ್ಬಿನ ಕೆಲಸಕ್ಕೆ ಹೋಗಿದ್ದ. ದುರಗವ್ವ, ನೆರೆಯವರು ರಸ್ತೆಗೆ ಬಂದರು. ಅದೇ ಬೇವಿನ ಮರ. ಸಂತೆಯ ದಿನವಾದ್ದರಿಂದ ಬಸ್ಸು ತುಂಬಿ ಬಂತು. ನಾನು ಖಾಲಿ ಬುಟ್ಟಿ ಹಿಡಿದು ಹತ್ತಿದೆ. ಅವತ್ತು ಮಗಳು ನೋಡಲಿ ಎಂದು ಎಷ್ಟು ತಿಂಗಳು ಕಾದಿದ್ದೆನೋ, ಹತ್ತಿ ತಿರುಗಿದರೆ ಅವಳು ನೋಡಿರಲೇ ಇಲ್ಲ. ಹಸಿರು ಸೀರೆಯ ನಿರಿಗೆ ಹಿಡಿದು, ಕೆಳಗೆ ನೋಡುತ್ತ, ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಳು. ಇನ್ನೊಂದು ಕಾಲು ನೆಲ ಬಿಡುತ್ತಿರಲಿಲ್ಲ.

ಏಳು ತಿಂಗಳಿಗೇ ತುಂಬಿದ ಹೊಟ್ಟೆ, ಊದಿದ ಪಾದ. ಸರಳಿಗೆ ಜೋತುಬಿದ್ದು ಒಂದು ಸಲ ಮೇಲೇಳಲು ನೋಡಿದಳು, ಆಗಲಿಲ್ಲ. ಮತ್ತೊಮ್ಮೆ, ಆಗಲಿಲ್ಲ. ಹಿಂದಿನ ಸೀಟಿನಿಂದ ಒಬ್ಬ, "ಕಂಡಕ್ಟರ್ ಸಾಹೇಬ್ರ, ಇವರಿಗೆ ಎರಡ ಟಿಕೀಟ ಹರೀರಿ!" ಎಂದ. ನಗೆ ಎದ್ದಿತು. ಕೆಳಗೆ ದುರಗವ್ವನ ಸೆರಗು ಬಾಯಿಯ ಕಡೆ ಹೋಯಿತು. ಮಲ್ಲಕ್ಕನ ಮುಖ ಕೆಂಪಾಗಿ, ಮೆಲ್ಲಗೆ, ಬೇವಿನ ಮರದ ಕಡೆ ತಿರುಗಿತು.

ಕಂಡಕ್ಟರು ಅವಳ ರಟ್ಟೆಗೆ ಕೈ ಚಾಚಿದ. "ನೀವು ಸರೀರಿ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಬುಟ್ಟಿ ಕೆಳಗಿಟ್ಟೆ. ಮೊಣಕಾಲು ಮಡಚಿದೆ, ಬೆನ್ನು ನೆಟ್ಟಗೆ ಮಾಡಿದೆ, ಮಗಳ ಎರಡೂ ಬಗಲಿಗೆ ಕೈ ಹಾಕಿ, ಎದೆಗೆ ಹತ್ತಿರ ತಂದುಕೊಂಡು, ಉಸಿರು ಹಿಡಿದು ಎದ್ದೆ. ನನ್ನ ಮಗಳು ಮೇಲೆ ಬಂದಳು. ಹೊಟ್ಟೆಯಲ್ಲಿನ ಕೂಸೂ ಅವಳ ಜೊತೆ ಬಂತು. ಎರಡು ಹೆಜ್ಜೆ ಹಿಂದೆ ಸರಿದು, ಯಾರೋ ಬಿಟ್ಟುಕೊಟ್ಟ ಸೀಟಿನ ಮೇಲೆ ಅವಳನ್ನು ಒಗೆಯಲಿಲ್ಲ, ಇಟ್ಟೆ.

ನಮ್ಮವರು ಟ್ರಂಕು ಹಿಡಿದು ಹತ್ತಿ ಬಂದು, ನನ್ನನ್ನು ನೋಡಿ, ಎಲ್ಲಿ ನೋವು ಎಂದು ಕಣ್ಣಲ್ಲೇ ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಹಿಂದೆ ಹೋಗಿ ಟ್ರಂಕಿನ ಮೇಲೆ ಕೂತರು.

ಊರು ದಾಟಿದ ಮೇಲೆ ಮಲ್ಲಕ್ಕ ಮೆಲ್ಲಗೆ ಅಂದಳು: "ಯವ್ವಾ, ಆವತ್ತ ನೀ ಬಸ್ಸ ಹತ್ತೂವಾಗ ನನಗ ಭಾಳ ನಾಚಿಕಿ ಆಗಿತ್ತು."

"ಗೊತ್ತೈತಿ."

"ಇವತ್ತ ನನ್ನ ನೋಡಿ ನಿನಗ ಆಗಲಿಲ್ಲೇನು?"

ನನಗೆ ಇನ್ನೂ ಉಸಿರು ಕೂಡಿರಲಿಲ್ಲ.

"ಎತ್ತೂ ಮುಂದ ನಾಚಿಕಿಗೆ ಎಲ್ಲಿ ಪುರಸೊತ್ತ ಬೇ," ಎಂದೆ. "ನೀ ಭಾಳ ಭಾರ ಇದ್ದಿ."

ಅವಳು ನಕ್ಕಳು. ನಗುತ್ತ ನಗುತ್ತ ಅತ್ತಳು. ಆಮೇಲೆ ನನ್ನ ತೋಳಿಗೆ ತಲೆ ಆನಿಸಿ ನಿದ್ದೆ ಹೋದಳು. ತೋಳು ಸುಡುತ್ತಿತ್ತು, ಸೋತು ಸುಣ್ಣವಾಗಿದ್ದೆ. ಹುಬ್ಬಳ್ಳಿ ಬರುವವರೆಗೆ ಅದನ್ನು ಸರಿಸಲಿಲ್ಲ.